ಅವಳು ‘ಶ’ ಎಂದೇ ಹೇಳಿದ್ದಳು

ತಂಕಮಣಿಯ ನಾಲಿಗೆ ಆ ದಿನ ತಪ್ಪಿರಲಿಲ್ಲ. ತಪ್ಪಿತು ಎಂದು ಅವಳಿಗೆ ಹೇಳಿದವಳು ನಾನು. ಅದಕ್ಕೂ ಮೊದಲು ‘ಪರದೇಶಿ’ ಎಂಬ ಶಬ್ದಕ್ಕೆ ಇಲ್ಲದ ಅರ್ಥವೊಂದನ್ನು ಕಟ್ಟಿ ಅವಳ ಕೈಗೆ ಕೊಟ್ಟವಳೂ ನಾನೇ. ಎರಡು ಸುಳ್ಳುಗಳಲ್ಲಿ ಮೊದಲನೆಯದನ್ನು ನೆನೆದರೆ ಇವತ್ತಿಗೂ ನನಗೆ ನಗು ಬರುತ್ತದೆ — ಬರಬಾರದು, ಆದರೂ ಬರುತ್ತದೆ. ಎರಡನೆಯದನ್ನು ನೆನೆದರೆ... ಇರಲಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಸರೋಜಾ. ಹಾನಗಲ್ಲಿನಲ್ಲಿ ಹೆಂಗಸರ ಬಟ್ಟೆ ಹೊಲಿದುಕೊಂಡು ಬಂದವಳು. ಒಂದು ಕಾಲಕ್ಕೆ ನಮ್ಮ ಓಣಿಗೆಲ್ಲ ನಾನೊಬ್ಬಳೇ ಟೇಲರ್. ನಾನು ಹೊಲಿದ ಜಂಪರು ಎಂದೂ ಹರಿಯುತ್ತಿರಲಿಲ್ಲ; ಎಂದೂ ಮೈಗೆ ಸರಿಯಾಗಿ ಕೂಡ್ರುತ್ತಲೂ ಇರಲಿಲ್ಲ. ‘ಯಾಕೋ ಸಡ್ಲ ಆತಲ್ರಿ ಸರೋಜಕ್ಕಾರ’ ಎಂದು ಯಾರಾದರೂ ಅಂದರೆ, ‘ನಾಳೆ ಮೈ ಬಂದ್ರ ಮತ್ತ ನನ್ನ ಕಡೇನ ಓಡಿ ಬರ್ತೀರಿ, ಅದಕ್ಕ ಈಗ ಬಿಟ್ಟೇನಿ’ ಎನ್ನುತ್ತಿದ್ದೆ. ಬೇರೆ ಟೇಲರ್ ಇಲ್ಲದ ಓಣಿಯಲ್ಲಿ ಆ ಮಾತು ಚೆನ್ನಾಗಿ ನಡೆಯುತ್ತಿತ್ತು.

ಆಗ ಬಂದಳು ತಂಕಮಣಿ. ಅವಳ ಗಂಡ ರಾಜನ್ ಕೇರಳದವನು; ಶುಂಠಿ ಬೆಳೆಯಲು ನಮ್ಮ ಕಡೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿಯುತ್ತಿದ್ದ. ಶುಂಠಿಗೆ ಪ್ರತಿ ವರ್ಷ ಹೊಸ ಮಣ್ಣು ಬೇಕು. ಒಂದು ವರ್ಷ ಸವಣೂರು, ಇನ್ನೊಂದು ವರ್ಷ ಶಿಗ್ಗಾಂವಿ, ಆಮೇಲೆ ಹಾನಗಲ್ಲು — ಹೀಗೆ ಬೆಳೆಯ ಹಿಂದೆ ಸಂಸಾರವೂ ಅಲೆಯುತ್ತಿತ್ತು. ಮೂರನೆಯ ಸಲ ಪಾತ್ರೆ ಕಟ್ಟುವ ಹೊತ್ತಿಗೆ ತಂಕಮಣಿ ಗಂಡನಿಗೆ, ‘ನಾನೇನು ಶುಂಠಿಯಾ, ವರ್ಷ ವರ್ಷ ಕಿತ್ತು ಬೇರೆ ಮಣ್ಣಿಗೆ ಹಾಕಲಿಕ್ಕೆ?’ ಎಂದಳಂತೆ. ಅವನು ಹೊಲಗಳ ಹಿಂದೆ ಹೋದ, ಬಿಡುವಾದಾಗ ಬಂದು ಹೋಗುತ್ತಿದ್ದ. ಅವಳು ಹಾನಗಲ್ಲಿನಲ್ಲೇ ಉಳಿದಳು. ನನ್ನ ಅಂಗಡಿಯ ಎದುರಿನ ಕೋಣೆ ಬಾಡಿಗೆಗೆ ಹಿಡಿದು ಹೊಲಿಗೆ ಮಷೀನು ಇಟ್ಟಳು.

ಇಟ್ಟ ದಿನವೇ ಒಂದು ತಟ್ಟೆ ಬಾಳೆಕಾಯಿ ಚಿಪ್ಸ್ ತೆಗೆದುಕೊಂಡು ನನ್ನ ಬಾಗಿಲಿಗೆ ಬಂದಳು. ‘ಚೇಚಿ, ಕನ್ನಡ ಕಲಿಸಿ’ ಎಂದಳು. ಅವರ ಭಾಷೆಯಲ್ಲಿ ಚೇಚಿ ಎಂದರೆ ಅಕ್ಕ. ನಾನು ಚಿಪ್ಸ್ ತಿಂದೆ, ಕಲಿಸುತ್ತೇನೆ ಎಂದೆ. ಹಗಲೆಲ್ಲ ಅವಳಿಗೆ ‘ಕುಂದರ್ರಿ’, ‘ನಿಂದರ್ರಿ’, ‘ನಾಳೆ ಬರ್ರಿ’ ಕಲಿಸುವುದು. ಅವಳು ಆ ಕಡೆ ಹೋದ ಮೇಲೆ ಅವಳ ಮೇಲೆ ಹೊಟ್ಟೆ ಉರಿದುಕೊಳ್ಳುವುದು — ಎರಡನ್ನೂ ಒಂದೇ ಮನಸ್ಸಿನಿಂದ ಮಾಡುತ್ತಿದ್ದೆ. ಅವಳ ಜಂಪರುಗಳು ಚರ್ಮದ ಹಾಗೆ ಮೈಗೆ ಕೂಡ್ರುತ್ತಿದ್ದವು. ನನ್ನ ಗಿರಾಕಿಗಳು ಬಟ್ಟೆಯ ಗಂಟನ್ನು ಸೆರಗಿನ ಅಡಿಯಲ್ಲಿ ಮುಚ್ಚಿಕೊಂಡು, ನನ್ನ ಬಾಗಿಲ ಮುಂದೆ ಬಂದಾಗ ಮಾತ್ರ ಲಗುಬಗೆಯಿಂದ ನಡೆದು ಎದುರಿನ ಮೆಟ್ಟಿಲು ಹತ್ತುತ್ತಿದ್ದರು. ನಾನು ನೋಡದವಳ ಹಾಗೆ ನೋಡುತ್ತಿದ್ದೆ.

ಒಂದು ದಿನ ತಡೆಯಲಾಗಲಿಲ್ಲ. ಹಳೆಯ ಗಿರಾಕಿಯೊಬ್ಬಳನ್ನು ನಿಲ್ಲಿಸಿ ಗಟ್ಟಿಯಾಗಿಯೇ ಅಂದೆ:

‘ಆ ಪರದೇಶಿ ಕೈಯಾಗ ಅರಿವಿ ಕೊಡಾಕತ್ತೀರಲ್ಲ, ನಾಳೆ ಮಷೀನು ಹೊತ್ಕೊಂಡು ಎದ್ದು ಹೋದ್ಲಂದ್ರ ಎಲ್ಲೆ ಹುಡುಕ್ತೀರಿ?’

ತಿರುಗಿ ನೋಡಿದರೆ ತಂಕಮಣಿ ನನ್ನ ಮೆಟ್ಟಿಲ ಮೇಲೆಯೇ ನಿಂತಿದ್ದಾಳೆ, ಕೈಯಲ್ಲಿ ಬಿಸಿ ಬಿಸಿ ಬಾಳೆಹಣ್ಣಿನ ಬಜ್ಜಿ. ಗಿರಾಕಿ ಜಾರಿಕೊಂಡಳು. ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅವಳು ಮಾತ್ರ ಹೊಸ ಶಬ್ದ ಸಿಕ್ಕ ಖುಷಿಯಲ್ಲಿ ಕೇಳಿದಳು:

‘ಚೇಚಿ, ಪರದೇಶಿ ಅಂದ್ರು ನನಗೆ. ನಮ್ಮಲ್ಲೂ ಉಂಟು ಆ ಪದ. ಬೇರೆ ದೇಶದವರು ಅಂತ. ಇಲ್ಲಿಯೂ ಅದೇನಾ?’

ನಿಜ ಹೇಳುವುದಕ್ಕೆ ಅಷ್ಟೊಂದು ಸುಲಭದ ಅವಕಾಶ ಯಾರಿಗಾದರೂ ಸಿಗುತ್ತದೆಯೆ? ಪರ ಎಂದರೆ ಬೇರೆ, ದೇಶ ಎಂದರೆ ದೇಶ; ಹುಟ್ಟಿದಾಗ ಈ ಶಬ್ದದಲ್ಲಿ ಕೆಡುಕೇನೂ ಇರಲಿಲ್ಲ. ದೂರದಿಂದ ಬಂದವನು, ಅಷ್ಟೇ. ಆದರೆ ದೂರದಿಂದ ಬಂದವನಿಗೆ ಊರಲ್ಲಿ ತನ್ನವರು ಇರುವುದಿಲ್ಲ. ಹಾಗಾಗಿ ನಮ್ಮ ಕಡೆ ತನ್ನವರಿಲ್ಲದವರೆಲ್ಲ ಪರದೇಶಿಗಳಾದರು — ಇದೇ ಊರಲ್ಲಿ ಹುಟ್ಟಿದ್ದರೂ. ನಮ್ಮ ಅಮ್ಮ ತಾಯಿ ಸತ್ತ ಕರುವಿಗೂ ‘ಪರದೇಶಿ ಕರು’ ಎನ್ನುತ್ತಿದ್ದಳು, ಕರುಣೆಯಿಂದ. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದ ಮಗನಿಗೆ ‘ಏ ಪರದೇಶಿ’ ಎಂದು ಬೈದು ಅದೇ ಉಸಿರಲ್ಲಿ ರೊಟ್ಟಿ ಬಡಿಸುವ ತಾಯಂದಿರೂ ಇದ್ದಾರೆ. ಅದೇ ಮಾತನ್ನು ನಿಜಕ್ಕೂ ಯಾರೂ ಇಲ್ಲದ ಕೂಸಿಗೆ ಅಂದರೆ, ಕೂಸು ಅಲ್ಲೇ ಸಣ್ಣದಾಗಿಬಿಡುತ್ತದೆ. ನಾನು ಅಂದದ್ದಂತೂ ಕರುಣೆಯಿಂದಲೂ ಅಲ್ಲ, ಪ್ರೀತಿಯಿಂದಲೂ ಅಲ್ಲ.

ಇಷ್ಟನ್ನೂ ಹೇಳಬಹುದಿತ್ತು. ಸಿಟ್ಟಿಗೆ ಅಂದೆ, ತಪ್ಪಾಯಿತು ಎನ್ನಬಹುದಿತ್ತು. ಬಜ್ಜಿಯ ತಟ್ಟೆ ನೋಡಿದೆ, ಅವಳ ಮುಖ ನೋಡಿದೆ —

‘ಅಯ್ಯ, ನಮ್ಮ ಕಡೆ ಅದು ದೊಡ್ಡ ಮರ್ಯಾದಿ ಮಾತು’ ಎಂದೆ. ‘ದೂರದಿಂದ ಬಂದ ದೊಡ್ಡ ಮಂದಿಗಷ್ಟ ಹಂಗ ಅಂತಾರ. ಎಲ್ಲಾರಿಗೂ ಅನ್ನೂದಿಲ್ಲ.’

ತಂಕಮಣಿಯ ಕಣ್ಣು ತುಂಬಿ ಬಂತು. ನನ್ನ ಕೈ ಹಿಡಿದುಕೊಂಡಳು. ನಾನು ಇನ್ನೊಂದು ಕೈಯಿಂದ ಬಜ್ಜಿ ತಿಂದೆ.

ಅದು ಅಲ್ಲಿಗೇ ಮುಗಿಯಬೇಕಿತ್ತು. ಮುಂದಿನ ವಾರ ಎದುರಿನ ಬಾಗಿಲ ಮೇಲೆ ಪೇಂಟರು ಏಣಿ ಹಾಕಿದ. ಸ್ವಲ್ಪ ಹೊತ್ತಿಗೆ ಏಣಿ ಇಳಿದು ಬ್ರಶ್ ಹಿಡಿದುಕೊಂಡೇ ನನ್ನ ಕಡೆ ಬಂದ. ‘ಅಕ್ಕಾರ, ಆಕಿ ‘ಪರದೇಶಿ ಲೇಡೀಸ್ ಟೇಲರ್’ ಅಂತ ಬರಿ ಅನ್ನಾಕತ್ತಾಳ. ಖರೇನ ಬರೀಲೇನ್ರಿ?’ ಎಂದು ಕೇಳಿದ. ಆಗಲೂ ಬಾಯಿ ಬಿಡಬಹುದಿತ್ತು. ‘ಆಕಿ ಹೇಳಿದಂಗ ಬರಿಯಪ್ಪ’ ಎಂದೆ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ. ಓಣಿಯ ಆ ತುದಿಗೂ ಕಾಣುತ್ತಿತ್ತು.

ಊರು ನಕ್ಕಿತು. ನಾನು ಬಯಸಿದ್ದೂ ಅದೇ. ಆದರೆ ನಗಲು ಬಂದವರು ಬೋರ್ಡು ನೋಡಿ, ಒಳಗೆ ಇಣುಕಿ, ಗೋಡೆಗೆ ತೂಗುಹಾಕಿದ ಜಂಪರು ನೋಡಿ, ತಾವೂ ಒಂದು ಬಟ್ಟೆ ಕೊಟ್ಟು ಹೋದರು. ವರ್ಷ ತುಂಬುವುದರೊಳಗೆ ‘ಪರದೇಶಿ ಕಡೆ ಹೋಗಿ ಬರ್ತೇನಿ’ ಎಂದರೆ ಹೊಲಿಗೆಗೆ ಕೊಟ್ಟ ಬಟ್ಟೆ ತರಲು ಹೋಗುತ್ತೇನೆ ಎಂದೇ ಅರ್ಥವಾಗತೊಡಗಿತು. ನನ್ನ ಹೊಟ್ಟೆಕಿಚ್ಚು ಅವಳಿಗೆ ಪುಕ್ಕಟೆ ಜಾಹೀರಾತಾಯಿತು.

ಒಂದು ಮಧ್ಯಾಹ್ನ ಅವಳು ಹುಬ್ಬು ಗಂಟಿಕ್ಕಿಕೊಂಡು ಬಂದಳು. ಬಾವಿಯ ಹತ್ತಿರ ಒಬ್ಬ ತಾಯಿ ಮಗನ ಬೆನ್ನಿಗೆ ಗುದ್ದುತ್ತ ‘ಪರದೇಸಿ ತಂದು’ ಎಂದು ಬೈದದ್ದನ್ನು ಕೇಳಿದ್ದಳು. ‘ಮರ್ಯಾದೆ ಮಾತು ಅಂದ್ರಲ್ಲ ಚೇಚಿ?’

ಒಮ್ಮೆ ಸುಳ್ಳಿಗೆ ಒಗ್ಗಿದ ಬುದ್ಧಿ ಎಷ್ಟು ಚುರುಕಾಗಿರುತ್ತದೆ ನೋಡಿ — ಕ್ಷಣವೂ ತಡವರಿಸಲಿಲ್ಲ.

‘ಆಕಿ ಏನಂದ್ಲು? ಸರಿಯಾಗಿ ಹೇಳು. ಪರದೇಸಿ ಅಂದ್ಲೋ, ಪರದೇಶಿ ಅಂದ್ಲೋ?’

ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ‘ಸ. ಪರದೇಸಿ.’

‘ಹಾಂ! ಅದು ಬ್ಯಾರೆ ಶಬ್ದ. ಸ ಅಂದ್ರ ಬೈಗಳ. ಶ ಅಂದ್ರ ಮರ್ಯಾದಿ.’

ನಮ್ಮ ಓಣಿಯಲ್ಲಿ ಶ ಎನ್ನುವವರು ಎಷ್ಟು ಜನ? ಶಾಂತವ್ವ ಸಾಂತವ್ವಳಾಗುವ, ಶನಿವಾರ ಸನಿವಾರವಾಗುವ ಊರು ನಮ್ಮದು. ಬೈಯುವ ಬಾಯಿಗಳೆಲ್ಲ ಸ ಎಂದೇ ಬೈಯುತ್ತಿದ್ದವು. ನನ್ನ ಸುಳ್ಳಿಗೆ ಊರೆಲ್ಲ ಸಾಕ್ಷಿ ನುಡಿಯಿತು. ತಂಕಮಣಿ ಆ ವ್ಯಾಕರಣವನ್ನು ಭಕ್ತಿಯಿಂದ ಕಲಿತಳು. ಯಾರಾದರೂ ‘ಪರದೇಸಿ ಟೇಲರ್’ ಎಂದರೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, ‘ಸ ಅಲ್ರಿ, ಶ’ ಎಂದು ತಿದ್ದುತ್ತಿದ್ದಳು; ಯಾಕೆಂದು ಮಾತ್ರ ಹೇಳುತ್ತಿರಲಿಲ್ಲ. ಗಿರಾಕಿಗಳು ನಕ್ಕು, ‘ಹೂಂನ್ರಿ, ಶ’ ಎನ್ನುತ್ತಿದ್ದರು. ಹೇಳುವವರು ಯಾರು? ಎಲ್ಲರ ಹಬ್ಬದ ಜಂಪರೂ ಅವಳ ಕೈಯಲ್ಲೇ ಇತ್ತಲ್ಲ.

ಇಲ್ಲಿಯವರೆಗಿನದನ್ನು ನಾನು ನಗುನಗುತ್ತ ಯಾರ ಮುಂದೆಯೂ ಹೇಳಬಲ್ಲೆ. ಇನ್ನು ಮುಂದಿನದು...

ಅವಳ ಹತ್ತಿರ ಹೊಲಿಗೆ ಕಲಿಯಲು ರೇಣುಕಾ ಎಂಬ ಹುಡುಗಿ ಬರುತ್ತಿದ್ದಳು. ತಂದೆ ತಾಯಿ ಇಬ್ಬರೂ ಇಲ್ಲದ ಹುಡುಗಿ. ಚಿಗವ್ವನ ಮನೆಯಲ್ಲಿ ಬೆಳೆದವಳು. ಚಿಗವ್ವ ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಆದರೆ ತುತ್ತಿಗೊಮ್ಮೆ ‘ಪರದೇಸಿ’ ಎನ್ನುತ್ತಿದ್ದಳು. ಹಾಲು ಉಕ್ಕಿದರೆ ಪರದೇಸಿ, ಕೊಡ ಜಾರಿದರೆ ಪರದೇಸಿ. ಓಣಿಯವರಿಗೆಲ್ಲ ಇದು ಗೊತ್ತಿತ್ತು. ತಂಕಮಣಿಗೆ ಗೊತ್ತಿರಲಿಲ್ಲ, ಏಕೆಂದರೆ ಆ ಹುಡುಗಿ ಮನೆಯ ಮಾತನ್ನು ಅಂಗಡಿಯಲ್ಲಿ ಆಡುತ್ತಿರಲಿಲ್ಲ. ಬೋರ್ಡಿನ ಕೆಳಗೆ ಹಾದು ಒಳಗೆ ಬರುವಾಗ ಅವಳು ಒಮ್ಮೆಯೂ ತಲೆ ಎತ್ತಿ ನೋಡದಿರುವುದನ್ನು ನಾನು ಗಮನಿಸಿದ್ದೆ. ಗಮನಿಸಿ ಸುಮ್ಮನಿದ್ದೆ. ಒಳಗೆ ಬಂದ ಮೇಲೆ ಮಾತ್ರ ಅವಳು ಬೇರೆಯೇ ಹುಡುಗಿ. ‘ಟೀಚರ, ಟೀಚರ’ ಎನ್ನುತ್ತ ತಂಕಮಣಿಯ ಹಿಂದೆಯೇ ಇರುತ್ತಿದ್ದಳು. ಮಕ್ಕಳಿಲ್ಲದ ತಂಕಮಣಿ ಅವಳನ್ನು ‘ಮೋಳೆ’ ಎಂದು ಕರೆಯುತ್ತಿದ್ದಳು — ಮಗಳೇ ಎಂದು.

ಹಂಸಭಾವಿಯಿಂದ ಒಳ್ಳೆಯ ಸಂಬಂಧ ಬಂತು. ಮದುವೆಯ ಜಂಪರನ್ನು ತಂಕಮಣಿಯೇ ಹೊಲಿದಳು. ತೋಳಿನ ಮೇಲೆ ಎಷ್ಟೋ ದಿನ ಕೂತು ಜರಿಯ ಮಾವಿನಕಾಯಿ ಹಾಕಿದಳು. ಮದುವೆ ಮುಗಿದು ಹುಡುಗಿಯನ್ನು ಕಳಿಸಿಕೊಡುವ ಹೊತ್ತು. ಹೆಂಗಸರು ಒಬ್ಬೊಬ್ಬರಾಗಿ ಉಡಿ ತುಂಬುತ್ತಿದ್ದರು. ಬೀಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ತಂಕಮಣಿಯ ಸರದಿ ಬಂತು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಹುಡುಗಿಯ ಗಲ್ಲ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, ತುಂಬು ಸಂತೋಷದಿಂದ ಹೇಳಿದಳು:

‘ಇವತ್ತಿನಿಂದ ನೀನೂ ಪರದೇಶಿ ಆದಿ ಮೋಳೆ. ನನ್ನಂಗ. ಆ ಊರಾಗ ಎಲ್ಲಾರೂ ನಿನ್ನ ಹಂಗ ಕರೀಲಿ.’

ಶ ಸ್ಪಷ್ಟವಾಗಿತ್ತು. ಅಷ್ಟು ಸ್ಪಷ್ಟವಾದ ಶ ಆ ಮಂಟಪದಲ್ಲಿ ಬೇರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಕಾಲು ಮುಟ್ಟಲು ಬಾಗುತ್ತಿದ್ದ ರೇಣುಕಾ ಅರ್ಧಕ್ಕೇ ನಿಂತಳು. ನಿಧಾನಕ್ಕೆ ನೆಟ್ಟಗಾದಳು. ಮುಖದ ಮೇಲಿನ ಅರಿಷಿಣವೂ ಬಿಳಿಚಿದ ಹಾಗೆ ಕಂಡಿತು ನನಗೆ. ಬೀಗಿತ್ತಿ ತನ್ನ ಪಕ್ಕದವಳ ಕಡೆ ತಿರುಗಿ ಏನೋ ಪಿಸುಗುಟ್ಟಿದಳು. ಹುಡುಗಿ ಉಡಿಯನ್ನು ಎದೆಗೆ ಅವುಚಿಕೊಂಡು ತಿರುಗಿ ಗಾಡಿ ಹತ್ತಿದಳು, ಹಿಂದೆ ನೋಡಲಿಲ್ಲ.

ಒಂದೇ ಒಂದು ವಾಕ್ಯ ಸಾಕಾಗಿತ್ತು: ‘ಆಕಿಗೆ ಅರ್ಥ ಗೊತ್ತಿಲ್ಲವ್ವ, ತಪ್ಪು ಹೇಳಿಕೊಟ್ಟಾಕಿ ನಾನು.’ ಅಲ್ಲಿದ್ದ ಹೆಂಗಸರೆಲ್ಲ ಗುರುತಿನವರು. ಅವರ ಮುಂದೆ ನನ್ನ ಮುಖ ಸಣ್ಣದಾಗುತ್ತಿತ್ತು, ಅಷ್ಟೇ. ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದೆ.

ಮನೆಗೆ ನಡೆಯುವಾಗ ತಂಕಮಣಿ ಕೇಳಿದಳು:

‘ಚೇಚಿ, ಖರೆ ಹೇಳಿ. ನಾನು ಸ ಅಂದ್ನಾ?’

ತನ್ನ ನಾಲಿಗೆ ತಪ್ಪಿರಬೇಕು ಎಂದು ಅವಳಾಗಲೇ ನಂಬಲು ತಯಾರಾಗಿದ್ದಳು. ನಾನು ಹೌದೆಂದು ತಲೆ ಆಡಿಸಿದರೆ ಸಾಕಿತ್ತು.

‘ಹೂಂ’ ಎಂದೆ. ‘ಗದ್ದಲದಾಗ ಸ ಅಂದಂಗ ಕೇಳ್ತು.’

ಸ, ಶ ಎಂದದ್ದು ಮೊದಲನೆಯ ಸುಳ್ಳಿನದೇ ಬಾಲ; ಇದು ಎರಡನೆಯ ಸುಳ್ಳು. ಇದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಪಂಚಮಿಗೆ ರೇಣುಕಾ ತವರಿಗೆ ಬಂದಾಗ ತಂಕಮಣಿ ಕ್ಷಮೆ ಕೇಳಲು ಹೋದಳು. ಹುಡುಗಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಆಮೇಲೆ ಚಿಗವ್ವ ತೀರಿಕೊಂಡಳು. ರೇಣುಕಾ ಹಾನಗಲ್ಲಿಗೆ ಬರುವುದೇ ನಿಂತಿತು. ತಂಕಮಣಿ ಕೆಲವು ಕಾಲ ಕನ್ನಡಿಯ ಮುಂದೆ ನಿಂತು ಶ, ಶ, ಶ ಎಂದು ನಾಲಿಗೆ ತಿದ್ದಿಕೊಂಡಳು. ಎದುರಿನ ಕಿಟಕಿಯಿಂದ ಅದು ನನಗೆ ಕೇಳುತ್ತಿತ್ತು.

ವರ್ಷಗಳು ಹೋದವು. ನಗಬೇಡಿ — ನಾವಿಬ್ಬರೂ ಜೀವದ ಗೆಳತಿಯರಾದೆವು. ನನ್ನ ಗಂಡ ತೀರಿಕೊಂಡಾಗ ಹದಿಮೂರೂ ದಿನ ಅವಳ ಮನೆಯ ಗಂಜಿ ನನ್ನ ಮನೆಗೆ ಬಂತು. ನನ್ನ ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ಅವಳೇ ಬಂದು, ‘ಅಂಗಡಿ ಬಾಗಲಾ ಹಾಕ್ರಿ ಚೇಚಿ. ನನ್ನ ಕಡೆ ಬಂದು ಕಟಿಂಗ್ ಮಾಡ್ರಿ, ಹೊಲಿಗಿ ನಾ ಮಾಡ್ತೇನಿ’ ಎಂದಳು. ಅವಳ ಕನ್ನಡ ಅಷ್ಟರಲ್ಲಿ ನನ್ನದಕ್ಕಿಂತ ಗಟ್ಟಿಯಾಗಿತ್ತು. ಚೇಚಿ ಎಂಬುದೊಂದೇ ಹಳೆಯದು ಉಳಿದಿತ್ತು. ಹೀಗೆ ನಾನೂ ‘ಪರದೇಶಿ ಲೇಡೀಸ್ ಟೇಲರ್’ ಬೋರ್ಡಿನ ಕೆಳಗೆ ಬಂದು ಕೂತೆ. ದೇವರಿಗೆ ಹಾಸ್ಯ ಗೊತ್ತಿಲ್ಲ ಎಂದು ಯಾರು ಹೇಳುತ್ತಾರೆ?

ಕಳೆದ ಮಳೆಗಾಲದಲ್ಲಿ ಪೂಜಾ ಎಂಬ ಹುಡುಗಿ ಹೊಲಿಗೆ ಕಲಿಯಲು ಬಂದಳು. ಬಿಹಾರದವಳು, ಗಂಡ ಟೈಲ್ಸ್ ಕೂಡಿಸುವ ಕೆಲಸದವನು. ಅವಳಿಗೆ ಕನ್ನಡ ಬಾರದು, ನಗು ಬಹಳ. ಒಬ್ಬ ಗಿರಾಕಿ ಅವಳನ್ನು ನೋಡಿ, ‘ಈ ಪರದೇಸಿ ಎಲ್ಲಿಂದ ಬಂತ್ರಿ?’ ಎಂದು ಕೇಳಿ ಹೋದಳು. ಪೂಜಾ ಆ ಒಂದು ಶಬ್ದ ಹಿಡಿದುಕೊಂಡು ತನ್ನ ಹಿಂದಿಯಲ್ಲಿ ಖುಷಿಯಿಂದ ಹೇಳಿದಳು: ಅವರ ಊರಲ್ಲೂ ಈ ಮಾತು ಇದೆಯಂತೆ. ದುಡಿಯಲು ದೂರ ಹೋದ ಗಂಡನಿಗೆ ಹಾಗೆನ್ನುತ್ತಾರಂತೆ. ಹೆಂಡತಿ ಹಬ್ಬಕ್ಕೆ ಬಾಗಿಲಲ್ಲಿ ನಿಂತು ಅವನ ದಾರಿ ಕಾಯುತ್ತಾಳಂತೆ.

ನನ್ನ ಕತ್ತರಿ ನಿಂತಿತು. ಅದೇ ಶಬ್ದ. ಅಲ್ಲಿ ಯಾರೋ ದಾರಿ ಕಾಯುವವನಿಗೆ. ಇಲ್ಲಿ ಯಾರೂ ಕಾಯದವನಿಗೆ.

ತಂಕಮಣಿ ಮಷೀನು ನಿಲ್ಲಿಸಿ, ಕನ್ನಡಕ ಹಣೆಗೆ ಏರಿಸಿ, ಹಿಂದಿ ಕನ್ನಡ ಬೆರೆಸಿ ಪಾಠ ಶುರು ಮಾಡಿದಳು. ಸ ಎಂದರೆ ಬೈಗುಳ, ಶ ಎಂದರೆ ಮರ್ಯಾದೆ. ‘ಭಾಳ ಹುಷಾರಾಗಿ ಅನ್ನಬೇಕವ್ವ. ನಾ ಒಂದ್ಸಲ ನಾಲಿಗಿ ತಪ್ಪಿ ಸ ಅಂದೆ. ಮಗಳಂಥ ಹುಡುಗೀನ ಕಳ್ಕೊಂಡೆ.’

ಪೂಜಾ ತುಟಿ ಮುಂದೆ ಮಾಡಿ ಶ, ಶ ಎಂದು ಅಭ್ಯಾಸ ಮಾಡತೊಡಗಿದಳು. ನನ್ನಿಂದ ಕೂಡ್ರಲಾಗಲಿಲ್ಲ. ಇನ್ನೊಂದು ಹುಡುಗಿ ನನ್ನ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದಾಳೆ; ನಾಳೆ ಯಾವ ಮದುವೆಯಲ್ಲಿ, ಯಾರ ಉಡಿ ತುಂಬುತ್ತ...

ಪೂಜಾಳನ್ನು ಚಹಾ ತರಲು ಕಳಿಸಿದೆ. ‘ತಂಕಮಣಿ’ ಎಂದೆ, ‘ನೀ ಆವತ್ತು ಶ ಅಂದಿದ್ದಿ.’

ಅವಳು ತಲೆ ಎತ್ತಿದಳು.

‘ಸ ಅಂದ್ರೂ ಅದ, ಶ ಅಂದ್ರೂ ಅದ. ಅದು ಮರ್ಯಾದಿ ಮಾತಲ್ಲ. ಎಂದೂ ಇರಲಿಲ್ಲ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ನಾ ಅಂದದ್ದು. ನೀ ಕೇಳಿಸ್ಕೊಂಡಿ, ನಾ ಅಂಜಿ ಸುಳ್ಳು ಹೇಳಿದೆ. ಮದುವಿ ದಿನಾನೂ ಸುಳ್ಳು ಹೇಳಿದೆ.’

ಅವಳು ಮೆಲ್ಲಗೆ ಕೇಳಿದಳು:

‘ನನ್ನ ನಾಲಿಗಿ ತಪ್ಪಿರಲಿಲ್ಲಾ?’

‘ಇಲ್ಲ.’

‘ಶ ಅಂದಿದ್ದೆ?’

‘ಶ ಅಂದಿದ್ದಿ. ನನ್ನಕಿಂತ ಚಲೋ ಅಂದಿದ್ದಿ.’

ಮೊದಲು ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ‘ಕನ್ನಡಿ ಮುಂದ ನಿಂತು ಹಾವಿನಂಗ ಬುಸುಗುಟ್ಟಿದ್ನಲ್ರಿ, ಮೂರು ತಿಂಗಳು! ನಮ್ಮ ಮನಿಯವರು ನನಗ ದಮ್ಮು ಶುರುವಾತು ಅಂತ ಡಾಕ್ಟರ ಕಡೆ ಕರ್ಕೊಂಡು ಹೋಗಿದ್ರು!’ ನನಗೂ ನಗು ಬಂತು. ಇಬ್ಬರೂ ನಗುತ್ತಿರುವಾಗಲೇ ಅವಳ ನಗು ನಿಂತದ್ದು ನನಗೆ ತಿಳಿಯಲಿಲ್ಲ, ನಾನೊಬ್ಬಳೇ ನಗುತ್ತಿದ್ದೆ. ಅವಳು ಎದ್ದು, ನನ್ನ ಕೈಯಲ್ಲಿದ್ದ ಕತ್ತರಿ ತೆಗೆದು ಟೇಬಲ್ಲಿನ ಮೇಲಿಟ್ಟಳು.

‘ನನಗ ಅಂದದ್ದು ಬಿಡ್ರಿ. ಆ ಹುಡುಗೀ ಮುಖಾ ನೋಡಿದ ಮ್ಯಾಲೂ ಸುಮ್ಮನಿದ್ರಲ್ಲ. ನಾಳೆ ಹಂಸಭಾವಿಗೆ ಹೋಗೂಣು. ಹೇಳೂದು ನೀವು. ನಾ ಬಾಯಿ ಬಿಡೂದಿಲ್ಲ.’

ಮರುದಿನ ಹೊರಟೆವು. ಚಿಕ್ಕೇರೂರಿನಲ್ಲಿ ಬಸ್ಸು ಬದಲಿಸುವವರೆಗೂ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಅಲ್ಲಿ ಮಿರ್ಚಿ ಬಜ್ಜಿ ಕೊಂಡು ಅರ್ಧ ನನ್ನ ಕೈಗಿಟ್ಟು ಮತ್ತೆ ಕಿಟಕಿಯ ಕಡೆ ತಿರುಗಿದಳು. ಸಿಟ್ಟಿನಲ್ಲೂ ಹಸಿದವರನ್ನು ಬಿಟ್ಟು ತಿನ್ನಲು ಬಾರದು ಅವಳಿಗೆ.

ರೇಣುಕಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು ಎಂದರೆ ಎಲ್ಲರಿಗೂ ಗೊತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದಳು. ಒಳಗಿನ ಮಷೀನಿನ ಸದ್ದು ನಿಂತಿತು. ಹೊರಗೆ ಬಂದ ರೇಣುಕಾ ತಂಕಮಣಿಯನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

ನಾನು ನಿಂತೇ ಹೇಳಿದೆ. ಗಿರಾಕಿ, ಬಜ್ಜಿ, ಬೋರ್ಡು, ಸ ಮತ್ತು ಶ, ಮದುವೆಯ ದಿನ, ದಾರಿಯಲ್ಲಿ ನಾನು ಆಡಿದ ಮಾತು. ತಂಕಮಣಿ ಹೇಳಿದಂತೆಯೇ ತುಟಿ ಬಿಚ್ಚಲಿಲ್ಲ. ನಾನು ಮುಗಿಸಿದಾಗ ರೇಣುಕಾ ನನ್ನನ್ನು ನೋಡುತ್ತಲೇ ಇರಲಿಲ್ಲ.

‘ಟೀಚರ’ ಎಂದಳು. ‘ನೀವು ಆಶೀರ್ವಾದ ಮಾಡಿದ್ರೇನ್ರಿ?’

ತಂಕಮಣಿ ಹೌದೆಂದು ತಲೆ ಆಡಿಸಿದಳು. ಆಮೇಲೆ ಇಬ್ಬರೂ ಬಾಗಿಲಲ್ಲೇ ಅಪ್ಪಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ನಾನು ಅಂಗಳದಲ್ಲಿ ನಿಂತಿದ್ದೆ.

ಕಣ್ಣೊರೆಸಿಕೊಂಡು ರೇಣುಕಾ ನನ್ನ ಕಡೆ ತಿರುಗಿದಳು. ದನಿ ಶಾಂತವಾಗಿತ್ತು. ‘ಆ ಶಬ್ದ ಹಾನಗಲ್ಲಾಗ ಬಿಟ್ಟು ಬರ್ತೇನಿ ಅಂತ ಮಾಡಿದ್ದೆ ನಾನು. ಗಾಡಿ ಹತ್ತೂಕಿಂತ ಮೊದಲ ಅದು ಇಲ್ಲಿಗೆ ಬಂದು ಕುಂತಿತ್ತು. ಎಷ್ಟೋ ವರ್ಷ ಈ ಮನ್ಯಾಗ ನನ್ನ ಹಂಗ ಕರದ್ರು. ನಿಮ್ಮ ಟೀಚರನ ಹಂಗ ಅಂದಾಳ, ನಮ್ಮದೇನು ಅಂತಿದ್ರು.’

ಕಟ್ಟೆಯ ಮೇಲಿದ್ದ ಅತ್ತೆ ಅವರೆಕಾಯಿಯಿಂದ ತಲೆ ಎತ್ತಿದಳು. ‘ಯಾರು ಅಂದ್ರು?’

‘ನೀವ ಅತ್ತಿ.’

‘ನಾನ? ಯಾವಾಗ ಅಂದೆ?’ ಮುದುಕಿಯ ಮುಖದಲ್ಲಿ ನಟನೆ ಇರಲಿಲ್ಲ. ನಿಜಕ್ಕೂ ಮರೆತಿದ್ದಳು. ‘ಅಂದಿದ್ರ ಬಾಯಿಗೆ ಬಂದಂಗ ಅಂದಿದ್ದೇನು. ಅದನ್ಯಾಕ ಇಟ್ಕೊಂಡು ಕುಂತಿ?’

ನನಗೆ ಆ ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂದು ನನ್ನ ಬಾಗಿಲಲ್ಲಿ ತಂಕಮಣಿ ಕೇಳದೆ ಹೋಗಿದ್ದರೆ ನಾನೂ ಸಂಜೆಯೊಳಗೆ ಮರೆಯುತ್ತಿದ್ದೆನಲ್ಲ.

ಒಳಗೆ ಕರೆದು ಚಹಾ ಕೊಟ್ಟಳು. ನನಗೂ ಕೊಟ್ಟಳು. ತಂಕಮಣಿ, ‘ಬೋರ್ಡು ತಗಸ್ತೇನಿ ಮೋಳೆ’ ಎಂದಾಗ, ‘ನಿಮ್ಮ ಹೆಸರು, ನಿಮ್ಮ ಇಚ್ಛಾ ಟೀಚರ. ನೀವು ಖುಷೀಲೆ ಹಾಕ್ಕೊಂಡ್ರಿ. ನನ್ನ ಮಾತ್ರ ಯಾರೂ ಕೇಳಿರಲಿಲ್ಲ’ ಎಂದಳು. ಹೊರಡುವಾಗ ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಮೆಲ್ಲಗೆ ಹಿಂದೆ ತೆಗೆದುಕೊಂಡಳು.

‘ನೀವು ಬಂದು ಹೇಳಿದ್ದು ಚಲೋ ಆತ್ರಿ. ಆದ್ರ ನಿಮ್ಮ ಮ್ಯಾಲ ನನಗ ಸಿಟ್ಟು ಐತಿ. ಅದು ಇರ್ಲಿ, ಇನ್ನೂ ಒಂದಷ್ಟು ದಿನ.’

‘ಇರ್ಲಿವ್ವ’ ಎಂದೆ.

ಅದೇ ಪೇಂಟರನ ಮಗ ಬಂದು ಬೋರ್ಡು ಬದಲಿಸಿದ. ಈಗ ಅದರ ಮೇಲೆ ‘ತಂಕಮಣಿ ಲೇಡೀಸ್ ಟೇಲರ್’ ಎಂದಿದೆ. ಹಳೆಯ ಗಿರಾಕಿಗಳು ಬೀದಿಯಲ್ಲೇ ನಿಂತು, ‘ಪರದೇಶಿ ಎಲ್ಲೆ ಹೋತ್ರಿ?’ ಎಂದು ಗಾಬರಿಯಿಂದ ಕೇಳುತ್ತಾರೆ. ಉತ್ತರ ಹೇಳುವ ಕೆಲಸವನ್ನು ತಂಕಮಣಿ ನನಗೆ ವಹಿಸಿದ್ದಾಳೆ. ‘ಚೇಚಿನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತೈತಿ’ ಎಂದು ಪೆಡಲು ತುಳಿಯುತ್ತಾಳೆ. ನಾನು ಮೊದಲಿನಿಂದ ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ನನ್ನನ್ನು ಬೇರೆ ಕಣ್ಣಿನಿಂದ ನೋಡಿ ಹೋಗುತ್ತಾರೆ. ಪೂಜಾ ಮಾತ್ರ ಈಗ ಯಾವ ಕನ್ನಡ ಶಬ್ದ ಕಲಿಸಿದರೂ, ಅದು ಖರೆಯೇ ಎಂದು ಇನ್ನೊಬ್ಬರನ್ನು ಕೇಳಿಯೇ ನಂಬುತ್ತಾಳೆ. ಜಾಣೆ.

ರೇಣುಕಾ ತಂಕಮಣಿಗೆ ಆಗಾಗ ಫೋನ್ ಮಾಡುತ್ತಾಳೆ. ತಂಕಮಣಿಗೆ ಕೈ ಬಿಡುವಿರುವುದಿಲ್ಲ. ಫೋನನ್ನು ಟೇಬಲ್ಲಿನ ಮೇಲಿಟ್ಟು ಸ್ಪೀಕರ್ ಹಾಕುತ್ತಾಳೆ. ನಾನು ಪಕ್ಕದಲ್ಲೇ ಬಟ್ಟೆ ಕತ್ತರಿಸುತ್ತಿರುತ್ತೇನೆ. ಅವಳು ನನ್ನನ್ನು ವಿಚಾರಿಸುವುದಿಲ್ಲ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಮೊನ್ನೆ ಯಾವುದೋ ಹಳೆಯ ಮಾದರಿಯ ಕುಪ್ಪಸಕ್ಕೆ ಬಟ್ಟೆ ಎಷ್ಟು ಬೇಕು ಎಂದು ಕೇಳಿದಳು. ತಂಕಮಣಿಗೆ ತಿಳಿಯಲಿಲ್ಲ.

‘ಟೀಚರ, ಅವ್ರು ಬಾಜೂಕ ಅದಾರೇನ್ರಿ?’

‘ಅದಾರ.’

‘ಅವ್ರನ್ನ ಕೇಳ್ರಿ.’

ನಾನು ಅಳತೆ ಹೇಳಿದೆ. ‘ಹೂಂ’ ಎಂದಳು. ಬರೆದುಕೊಳ್ಳುತ್ತಿದ್ದಳೋ ಏನೋ. ಆಮೇಲೆ ಇಬ್ಬರೂ ತಮ್ಮ ಮಾತಿಗೆ ಹೋದರು. ಚೆನ್ನಾಗಿದ್ದೀಯೇನವ್ವ ಎಂದು ಕೇಳುವ ಆಸೆ ನನ್ನ ಗಂಟಲವರೆಗೆ ಬಂದಿತ್ತು. ಕೇಳಲಿಲ್ಲ. ಅವಳು ನನ್ನನ್ನು ಮಾತಾಡಿಸುವ ದಿನ ಬಂದರೆ ಅದು ಅವಳಾಗಿಯೇ ಆರಿಸಿದ ದಿನವಾಗಿರಲಿ.